ಹಾಸನ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವರಿಗೆ

ಮೊನ್ನೆ ಶುಕ್ರವಾರ ಜಿಟಿಜಿಟಿ ಮಳೆ. ಪಿಎಚ್‌ಡಿ ಸೀಟು ಬೇಡ ಅಂತ ಬರೆದ ಪತ್ರ ಪ್ರಿಂಟ್ ಮಾಡಿಸೋಕೆ ನಿಮ್ಮ ಅಂಗಡಿಗೆ ಬಂದಿದ್ದೆ. ಸೀಟು ಸಿಕ್ಕಿತ್ತು, ಆದರೆ ಎಂಎಯಲ್ಲಿ ನನಗೆ ಬಂದಿದ್ದು 53.6%. 55% ಇಲ್ಲದಿದ್ದರೆ ಅರ್ಹತೆಯೇ ಇಲ್ಲ ಅಂತ ಯಾರೋ ಹೇಳಿದ್ದರು. ಸೇರಿದ ಮೇಲೆ ದಾಖಲೆ ನೋಡಿ ವಾಪಸ್ ಕಳಿಸಿದರೆ? ಮೂರು ರಾತ್ರಿ ನಿದ್ದೆ ಇಲ್ಲ.

ಪ್ರಿಂಟ್ ಕೊಡುವ ಮೊದಲು ನೀವು ಅದನ್ನು ಓದಿದಿರಿ. (ಓದಬಾರದಿತ್ತು, ಆದರೆ ಒಳ್ಳೆಯದೇ ಆಯ್ತು.) "ಯಾವ ಕೆಟಗರಿ ನೀವು?" ಅಂದಿರಿ. ಹಿಂದುಳಿದ ವರ್ಗ, ಕೆನೆಪದರ (ಆ ವರ್ಗದಲ್ಲೇ ಅನುಕೂಲಸ್ಥರು) ಅಲ್ಲ ಅಂದೆ. ನೀವು ಮಾತಾಡದೆ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮ ತೆಗೆದು, ಒಂದೇ ಪುಟ ಪ್ರಿಂಟ್ ಹಾಕಿದಿರಿ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಒಂದು ಸಾಲಿಗೆ ಗೆರೆ ಎಳೆದಿರಿ. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು, ಇಡಬ್ಲ್ಯೂಎಸ್‌ನವರಿಗೆ (ಆರ್ಥಿಕವಾಗಿ ಹಿಂದುಳಿದವರಿಗೆ) 5% ರಿಯಾಯಿತಿ. ಅಂದರೆ 50% ಸಾಕು! ಅದೇ ಸಾಲನ್ನು ನಾಲ್ಕು ಸಲ ಓದಿದೆ, ಕಣ್ಣು ಮಂಜಾಯಿತು.

"ಕೆಟಗರಿ ಸರ್ಟಿಫಿಕೇಟ್ ಅವಧಿ ಮುಗಿದಿಲ್ವಾ ನೋಡ್ಕೊಳ್ಳಿ, ಒಂದ್ಸಲ ಆಫೀಸಿಗೂ ಫೋನ್ ಮಾಡಿ" ಅಂದಿರಿ. ಪುಟವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನೀರು ಹೋಗದ ಹಾಗೆ ಬಾಯಿ ಮಡಚಿದಿರಿ. ಬೇಡ ಅನ್ನೋ ಪತ್ರಕ್ಕೆ ದುಡ್ಡು ತಗೊಳ್ಳಲಿಲ್ಲ. ಅದನ್ನು ಹಿಂದೆ ತಿರುಗಿಸಿ ಕ್ಯಾಲ್ಕುಲೇಟರ್ ಕೆಳಗೆ ಇಟ್ಟುಕೊಂಡಿರಿ, ಲೆಕ್ಕ ಬರೆಯೋಕೆ.

ಸೋಮವಾರ ಫೋನ್ ಮಾಡಿದೆ, ಸರಿ ಅಂದರು. ಒಪ್ಪಿಗೆ ಕಳಿಸಿದ್ದೇನೆ. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಥ್ಯಾಂಕ್ಸ್ ಅಣ್ಣಾ.