ಬಿಳಿಕೆರೆ ಹತ್ತಿರ ಸಿಕ್ಕ ಅಣ್ಣನಿಗೆ

ಬಿಳಿಕೆರೆ ದಾಟಿದ ಮೇಲೆ ಆಕ್ಸಿಲರೇಟರ್ ಬಿಟ್ಟರೆ ಸಾಕು ಆಫ್ ಆಗುತ್ತಿದ್ದ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಸರಿಮಾಡಿಕೊಟ್ಟ ಅಣ್ಣಾ, ತುಂಬಾ ಥ್ಯಾಂಕ್ಸ್. ಹೆಸರೂ ಹೇಳದೆ ಹೊರಟುಬಿಟ್ಟಿರಿ.

ಕಾರ್ಬೊರೇಟರ್ ಬಿಚ್ಚಿ, ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಪೆಟ್ರೋಲ್ ಕೊಡುವ ಸಣ್ಣ ತೂತಿನ ಪೈಲಟ್ ಜೆಟ್ ತೆಗೆದಿರಿ. ಕಸ ತೆಗೆಯೋಕೆ ಪಿನ್ನು ಚುಚ್ಚಲಿಲ್ಲ. "ತೂತು ದೊಡ್ಡದಾದ್ರೆ ಪೆಟ್ರೋಲ್ ಕುಡಿಯುತ್ತೆ ಸಾರ್" ಅಂತ ಸೈಕಲ್ ಪಂಪಿನಿಂದ ಊದಿ, ಬಿಸಿಲಿಗೆ ಹಿಡಿದು ನೋಡಿದಿರಿ. ಗಾಳಿ ಹೆಚ್ಚುಕಡಿಮೆ ಮಾಡುವ ಏರ್ ಸ್ಕ್ರೂ ಪೂರ್ತಿ ಒಳಕ್ಕೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ. ಆಮೇಲೆ ಇಂಜಿನ್ ಸದ್ದು ಕೇಳುತ್ತಲೇ ಕೂದಲೆಳೆಯಷ್ಟು ಆಚೆ ಈಚೆ. ಆ ಕಿವಿ ಎಲ್ಲರಿಗೂ ಇರಲ್ಲ ಬಿಡಿ!

1996ರಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿತು. ಈ ಗಾಡಿಗಳು ಇನ್ನೂ ಓಡುತ್ತಿರುವುದು ನಿಮ್ಮಂಥವರಿಂದಲೇ.

ಮಡಿಕೇರಿವರೆಗೂ ಎಲ್ಲೂ ಕೈಕೊಡಲಿಲ್ಲ. ನೀವು ದುಡ್ಡಂತೂ ಮುಟ್ಟಲಿಲ್ಲ, ಮುಂದಿನ ಸಲ ಊಟ ನನ್ನದೇ.