ಆ ಚೌಕದಲ್ಲಿ ಗುರುತು ಹಾಕಿದ್ದು ಯಾರು?

ಮಾನ್ಯ ಸಂಪಾದಕರೇ,

ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಆಟೋ ಪೇ ಹಾಕಿಸಿಬಿಡಿ, ಖಾತೆಯಿಂದ ದುಡ್ಡು ತಾನಾಗಿಯೇ ಕಟ್ ಆಗುತ್ತದೆ, ಆಮೇಲೆ ತಲೆಬಿಸಿ ಇಲ್ಲ ಅಂತ ಈಗ ಎಲ್ಲರೂ ಹೇಳುತ್ತಾರೆ. ಬ್ಯಾಂಕಿನವರು ಹೇಳುತ್ತಾರೆ, ಬೆಂಗಳೂರಲ್ಲಿ ಕೆಲಸದಲ್ಲಿರುವ ಮಕ್ಕಳೂ ಹೇಳುತ್ತಾರೆ. ನಾನು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಸುತ್ತಮುತ್ತಲಿನ ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವವಳು. ಜಿಎಸ್‌ಟಿ ರಿಟರ್ನ್ ಜೊತೆಗೆ ಅವರ ಕಾರ್ಡ್ ಬಿಲ್ಲುಗಳೂ ನನ್ನ ಮೇಜಿಗೆ ಬರುತ್ತವೆ. ಅವನ್ನು ನೋಡಿ ನೋಡಿ ನನಗನ್ನಿಸಿದ್ದು ಇಷ್ಟು. ಪಗಾರದವರಿಗೆ ಸರಿಹೋಗುವ ಸಲಹೆಯನ್ನೇ ಗಲ್ಲಾಪೆಟ್ಟಿಗೆ ನಂಬಿದವರಿಗೂ ಕೊಡುತ್ತಿದ್ದಾರೆ.

ಪಗಾರದವರ ಮಾತು ಬೇಗ ಮುಗಿಯುತ್ತದೆ. ತಿಂಗಳ ಮೊದಲ ವಾರ ಖಾತೆಗೆ ದುಡ್ಡು ಬೀಳುತ್ತದೆ. ಬಿಲ್ಲಿನ ಗಡುವು ಅದರ ಹಿಂದೆಯೇ ಬರುವಂತಿದ್ದರೆ ಪೂರ್ತಿ ಮೊತ್ತಕ್ಕೆ ಆಟೋ ಪೇ ಹಾಕಿಸಲಿ. ಮೇಷ್ಟ್ರು, ಸಾರಿಗೆ ನಿಗಮದ ನೌಕರರು, ಆಸ್ಪತ್ರೆಯ ನರ್ಸುಗಳು ಇವರಿಗೆಲ್ಲ ಅದೇ ಒಳ್ಳೇದು.

ಅಂಗಡಿಯವರ ದುಡ್ಡು ಹಾಗೆ ಬರುವುದಿಲ್ಲ. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿ ಹೊತ್ತಿಗೆ. ಹಳ್ಳಿಯವರ ಕೈಗೆ ರೊಕ್ಕ ಬಂದ ಮೇಲೆ ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ. ಬಟ್ಟೆ ಅಂಗಡಿಯವರು ಶರಣಬಸವೇಶ್ವರ ಜಾತ್ರೆಗೆಂದು ಮೊದಲೇ ಮಾಲು ತುಂಬುತ್ತಾರೆ, ಅದೂ ಕಾರ್ಡಿನ ಮೇಲೆ. ಮಾಲು ಹೋಗುವುದು ಜಾತ್ರೆಯಲ್ಲಿ, ಗಡುವು ಬಂದು ನಿಲ್ಲುವುದು ಅದಕ್ಕೂ ಮೊದಲು. ಇಂಥವರ ಖಾತೆಯಿಂದ ಪೂರ್ತಿ ಮೊತ್ತ ತಾನಾಗಿ ಕಟ್ ಆಗಬೇಕು ಅಂದರೆ ಆ ದಿನ ಖಾತೆಯಲ್ಲಿ ದುಡ್ಡಿರಬೇಕಲ್ವಾ? ಇಲ್ಲದಿದ್ದರೆ ಎರಡೂ ಕಡೆಯಿಂದ ಪೆಟ್ಟು. ಖಾತೆ ಇರುವ ಬ್ಯಾಂಕು ಬೌನ್ಸ್ ಶುಲ್ಕ ಹಾಕುತ್ತದೆ, ಕಾರ್ಡ್ ಕೊಟ್ಟ ಬ್ಯಾಂಕು ತಡವಾದದ್ದಕ್ಕೆ ದಂಡ ಹಾಕುತ್ತದೆ. ಹೀಗೆ ಬೌನ್ಸ್ ಆದ ಆಟೋ ಡೆಬಿಟ್ಟಿಗೆ, 2007ರ ಪೇಮೆಂಟ್ ಆಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಚೆಕ್ ಬೌನ್ಸ್ ತರಹವೇ ಕೇಸು ಹಾಕಲು ಅವಕಾಶವಿದೆ. ಈ ಮಾತು ಹೇಳಿದಾಗ ನಮ್ಮ ಅಂಗಡಿಯವರು ನನ್ನ ಮುಖವನ್ನೇ ನೋಡುತ್ತಾರೆ.

"ಇವತ್ತು ಐತವಾರ, ನಾಳೆ ಕಟ್ ಆಗ್ತದ ಬಿಡ್ರಿ" ಅನ್ನುವವರೂ ಇದ್ದಾರೆ. ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ದುಡ್ಡು ಎಳೆಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರವೂ ನಡೆಯುತ್ತದೆ, ಹಬ್ಬದ ದಿನವೂ ನಡೆಯುತ್ತದೆ.

ದುಡ್ಡು ಇರುತ್ತದೋ ಇಲ್ಲವೋ ಅನ್ನುವ ಈ ಭಯಕ್ಕೆ ಬ್ಯಾಂಕಿನ ಕಡೆಯವರು ಹೇಳುವ ಮದ್ದೇ ನನಗೆ ಸಿಟ್ಟು ತರಿಸುವುದು. ಆಟೋ ಪೇ ಅರ್ಜಿಯಲ್ಲಿ ಎರಡು ಚೌಕ ಇರುತ್ತವೆ. ಒಂದು ಟೋಟಲ್ ಅಮೌಂಟ್ ಡ್ಯೂ, ಅಂದರೆ ಬಿಲ್ಲಿನ ಪೂರ್ತಿ ಬಾಕಿ. ಇನ್ನೊಂದು ಮಿನಿಮಮ್ ಅಮೌಂಟ್ ಡ್ಯೂ, ಅಂದರೆ ಗಡುವಿನೊಳಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಕಾರ್ಡ್ ಮಾಡಿಸಲು ಅಂಗಡಿಗೇ ಬರುವ ಹುಡುಗರು "ಸಾವಕಾರ್ರೇ, ಮಿನಿಮಮ್ ಇಡ್ರಿ, ಸಣ್ಣ ರೊಕ್ಕ, ಹೋಗಿದ್ದೇ ಗೊತ್ತಾಗಂಗಿಲ್ಲ" ಅಂತ ತಾವೇ ಗುರುತು ಹಾಕಿ, ಸಹಿ ಎಲ್ಲಿ ಅಂತ ಬೆರಳಿಟ್ಟು ತೋರಿಸುತ್ತಾರೆ. ಗಿರಾಕಿ ನಿಂತಿರುವ ಹೊತ್ತಲ್ಲಿ ಯಾರು ಓದುತ್ತಾರೆ?

ಹಾರ್ಡ್‌ವೇರ್ ಅಂಗಡಿಯವರೊಬ್ಬರು ಹೀಗೆ ಸಹಿ ಹಾಕಿದವರು. ಒಂದು ದಿನ ಬಿಲ್ಲು ಹಿಡಿದುಕೊಂಡು ಬಂದರು. "ಅಕ್ಕಾರೇ, ತಿಂಗಳಾ ತಿಂಗಳಾ ರೊಕ್ಕ ಕಟ್ ಆಗ್ಲಿಕತ್ತಾವ. ಮತ್ತ ಈ ಬಡ್ಡಿ ಎಲ್ಲಿಂದ ಬಂತ್ರೀ?" ನಾನು ಅವರ ಬಿಲ್ಲಿನ ಹಿಂಬದಿಯಲ್ಲೇ ಒಂದು ಲೆಕ್ಕ ಹಾಕಿ ತೋರಿಸಿದೆ. ಬಾಕಿ 40,000 ರೂಪಾಯಿ ಅಂತಿಟ್ಟುಕೊಳ್ಳಿ. ಮಿನಿಮಮ್ ಅಂದರೆ ಸಾಮಾನ್ಯವಾಗಿ ಶೇ 5, ಅಂದರೆ 2,000 ಕಟ್ ಆಯಿತು. ಉಳಿದದ್ದು 38,000. ಅದಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 1,330. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 239. ಎರಡೂ ಸೇರಿ 1,569. ಎರಡು ಸಾವಿರ ಕೊಟ್ಟರೂ ಸಾಲ ಇಳಿದದ್ದು 431 ರೂಪಾಯಿ! ಇದೂ ಕಡಿಮೆ ಹಿಡಿದು ಹಾಕಿದ ಲೆಕ್ಕ. ಪೂರ್ತಿ ಕಟ್ಟದಿದ್ದರೆ ಬಡ್ಡಿಯನ್ನು ಖರೀದಿ ಮಾಡಿದ ದಿನದಿಂದಲೇ ಎಣಿಸುತ್ತಾರೆ. ಹಳೇ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಅವರು ಪೆನ್ಸಿಲ್ ಇಸಿದುಕೊಂಡು 431ರ ಸುತ್ತ ಗೆರೆ ಎಳೆದರು. ಏನೂ ಮಾತಾಡಲಿಲ್ಲ.

ತಿಂಗಳಿಗೆ ಶೇ 3.5 ಅಂದರೆ ವರ್ಷಕ್ಕೆ ಶೇ 42. ಗಂಜಿನಲ್ಲಿ ಕೈಸಾಲ ಕೊಡುವವರು ಇಷ್ಟು ಕೇಳಿದರೆ ಜನ ಜಗಳಕ್ಕೇ ನಿಲ್ಲುತ್ತಾರೆ. ಶೇ 30ಕ್ಕಿಂತ ಜಾಸ್ತಿ ಬಡ್ಡಿ ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು. ಹಾಗಾಗಿ ಆ ಮಿತಿಯ ಆಸೆಯೂ ಈಗ ಇಲ್ಲ.

ಹಾಗಾದರೆ ಕೈಯಾರೆ ಕಟ್ಟುವುದೇ ಸರಿಯಾ? ಅಂಗಡಿಯವರಿಗೆ ಹೌದು ಅನ್ನುತ್ತೇನೆ. ಕಟ್ಟುವ ಮುಂಚೆ ಬಿಲ್ಲು ಓದುತ್ತಾರೆ ಅನ್ನುವುದೇ ದೊಡ್ಡ ಲಾಭ. ಮೆಡಿಕಲ್ ಶಾಪಿನವರೊಬ್ಬರ ಬಿಲ್ಲಿನಲ್ಲಿ ಮಗ ಯಾವತ್ತೋ ಹಾಕಿಸಿದ ಯಾವುದೋ ಆ್ಯಪ್‌ನ ಚಂದಾ ಸುಮ್ನೆ ಹೋಗುತ್ತಲೇ ಇತ್ತು. ಪೂರ್ತಿ ಮೊತ್ತದ ಆಟೋ ಪೇ ಇದ್ದುದರಿಂದ ಯಾರೂ ಬಿಲ್ಲು ತೆರೆದೇ ನೋಡಿರಲಿಲ್ಲ. ಇಂಥ ಚಂದಾ ಕಟ್ ಆಗುವ 24 ಗಂಟೆ ಮೊದಲು ಸಂದೇಶ ಬರಬೇಕು ಅಂತ 2021ರ ಅಕ್ಟೋಬರಿನಿಂದ ನಿಯಮವಿದೆ. ಬರುತ್ತದೆ ಕೂಡ. ಆದರೆ ದಿನಕ್ಕೆ ಬರುವ ಮೆಸೇಜುಗಳ ರಾಶಿಯಲ್ಲಿ ಅದನ್ನು ಹುಡುಕಬೇಕು.

ಮರೆತರೆ ಏನು ಗತಿ ಅಂತ ಕೇಳುತ್ತೀರಿ. ಗಡುವು ದಾಟಿ ಮೂರು ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ತಡದ ದಂಡ ಹಾಕಬಹುದು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಅದು ದಂಡದ ಮಾತು, ಬಡ್ಡಿಯದಲ್ಲ. ಆದ್ದರಿಂದ ನಾನು ನಮ್ಮ ಅಂಗಡಿಯವರಿಗೆ ಮಿನಿಮಮ್ ಆಟೋ ಪೇಯನ್ನು ತೆಗೆಸಿ ಅನ್ನುವುದಿಲ್ಲ. ಅದು ಮರೆವಿಗೆ ಆಸರೆಯಾಗಿ ಇರಲಿ. ಗಡುವಿಗೆ ನಾಲ್ಕೈದು ದಿನ ಇರುವಾಗಲೇ ಪೂರ್ತಿ ದುಡ್ಡು ಕೈಯಾರೆ ಕಟ್ಟಿಬಿಡಿ ಅನ್ನುತ್ತೇನೆ. ಕೊನೇ ದಿನ ಕಟ್ಟಿದರೆ ಆಟೋ ಪೇ ಅಷ್ಟರಲ್ಲೇ ಹೊರಟಿರುತ್ತದೆ, ಎರಡು ಸಲ ಹೋಗುವುದೂ ಉಂಟು.

ಅದಕ್ಕಿಂತ ಮುಖ್ಯ ತಾರೀಖು. ಬಿಲ್ಲಿನ ಆವರ್ತವನ್ನು, ಅಂದರೆ ಬಿಲ್ಲು ಮತ್ತು ಅದರ ಗಡುವು ತಿಂಗಳಲ್ಲಿ ಯಾವಾಗ ಬರುತ್ತವೆ ಅನ್ನುವುದನ್ನು, ಕನಿಷ್ಠ ಒಂದು ಸಲವಾದರೂ ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ಬಿಡಬೇಕು ಅಂತ ಅದೇ ನಿರ್ದೇಶನದಲ್ಲಿದೆ. ದೊಡ್ಡ ಗಿರಾಕಿಗಳಿಂದ ತಿಂಗಳ ಕೊನೆಗೆ ವಸೂಲಿ ಆಗುವ ಅಂಗಡಿಯವರು ಗಡುವನ್ನು ಮುಂದಿನ ತಿಂಗಳ ಮೊದಲ ವಾರಕ್ಕೆ ತಂದುಕೊಂಡರೆ ಅರ್ಧ ತಾಪತ್ರಯ ಅಲ್ಲೇ ಮುಗಿಯುತ್ತದೆ. ಕಾರ್ಡ್ ಕೊಡಲು ಅಂಗಡಿತನಕ ಬರುವವರು ಈ ಮಾತನ್ನು ಯಾಕೆ ಎತ್ತುವುದಿಲ್ಲ?

ನನ್ನ ಬೇಡಿಕೆ ಒಂದೇ. ಪ್ರತಿ ತಿಂಗಳೂ ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿ ಬೆಳೆಯುತ್ತದೆ ಅನ್ನುವ ಎಚ್ಚರಿಕೆಯನ್ನು ಎಲ್ಲ ಬಿಲ್ಲುಗಳಲ್ಲೂ ಎದ್ದು ಕಾಣುವಂತೆ ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬಿಲ್ಲಿನಲ್ಲಿ ಅದು ಇರುತ್ತದೆ. ಆದರೆ ನನ್ನ ಕೈಗೆ ಬಂದ ಆಟೋ ಪೇ ಅರ್ಜಿಗಳಲ್ಲಿ ಅದು ಇರಲಿಲ್ಲ. ಗುರುತು ಬೀಳುವುದು ಅಲ್ಲಿ, ಎಚ್ಚರಿಕೆ ಇರುವುದು ಇನ್ನೆಲ್ಲೋ! ಅದೇ ಮಾತನ್ನು ಮಿನಿಮಮ್ ಚೌಕದ ಪಕ್ಕದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಚೌಕದಲ್ಲಿ ಗುರುತನ್ನು ಕಾರ್ಡುದಾರರೇ ಹಾಕಲಿ, ಏಜೆಂಟರಲ್ಲ.

ಜಿಲ್ಲೆಯ ಬ್ಯಾಂಕುಗಳ ಕೆಲಸಕ್ಕೆ ಮುಂದಾಳಾಗಿರುವ ಲೀಡ್ ಬ್ಯಾಂಕಿನವರು ಆರ್ಥಿಕ ಸಾಕ್ಷರತಾ ಶಿಬಿರ ನಡೆಸುವಾಗ ಒಮ್ಮೆ ಗಂಜಿಗೂ ಬರಲಿ. ಬೆಳಿಗ್ಗೆ ಬೇಡ, ಮಾಲಿನ ಸವಾಲು (ಹರಾಜು) ನಡೆದಿರುತ್ತದೆ. ಮಧ್ಯಾಹ್ನದ ಮೇಲೆ ಬಂದರೆ ಜನ ಸಿಗುತ್ತಾರೆ. ಬರುವಾಗ ಆಟೋ ಪೇ ಅರ್ಜಿಯ ಒಂದು ಪ್ರತಿ ತರಲಿ, ಒಂದು ತುಂಬಿದ ಬಿಲ್ಲೂ ತರಲಿ.

– ಲೆಕ್ಕ ಬರೆಯುವ ಓದುಗಿ, ನೆಹರು ಗಂಜ್, ಕಲಬುರಗಿ