ಶಾರ್ಟ್ ಸೆಲ್ಲಿಂಗ್: ಕನ್ನಡದಲ್ಲಿ ಎಚ್ಚರಿಕೆ ಬೇಕು

ಮಾನ್ಯ ಸಂಪಾದಕರೇ,

ಮೈಸೂರಿನ ಕಾಲೇಜು ಹುಡುಗರಲ್ಲಿ ಮೊಬೈಲಿನಲ್ಲೇ ಇಂಟ್ರಾಡೇ ಶಾರ್ಟ್ ಸೆಲ್ಲಿಂಗ್ ಮಾಡುವ ಗೀಳು ಹೆಚ್ಚುತ್ತಿದೆ. ಅದರ ಅಪಾಯವನ್ನು ಅವರಿಗೆ ತಿಳಿಸಿ ಹೇಳುವವರು ಕಡಿಮೆ.

ಕೈಯಲ್ಲಿಲ್ಲದ ಶೇರನ್ನು ಬೆಳಿಗ್ಗೆ ಮಾರಿ, ಬೆಲೆ ಇಳಿದ ಮೇಲೆ ಅದೇ ದಿನ ಕೊಂಡು ಲಾಭ ಮಾಡುವುದು ಇದರ ಲೆಕ್ಕ. ಬ್ರೋಕರ್ ಮಾರ್ಜಿನ್ (ಹಾಕಿದ ಹಣಕ್ಕಿಂತ ದೊಡ್ಡ ವ್ಯವಹಾರದ ಅವಕಾಶ) ಕೊಡುವುದರಿಂದ ಕೆಲವು ಶೇರುಗಳಲ್ಲಿ 20 ಸಾವಿರ ರೂಪಾಯಿಗೆ ಒಂದು ಲಕ್ಷದ ವ್ಯವಹಾರ ಮಾಡಬಹುದು. ಬೆಲೆ ಶೇ 5ರಷ್ಟು ಏರಿದರೆ ಐದು ಸಾವಿರ ಹೋಯಿತು, ಹಾಕಿದ ಹಣದ ಕಾಲು ಭಾಗ! ಕೊಂಡ ಶೇರು ಸೊನ್ನೆಗಿಂತ ಕೆಳಗೆ ಇಳಿಯದು. ಆದರೆ ಮಾರಿದ ಶೇರು ಎಷ್ಟು ಏರೀತು ಎಂಬುದಕ್ಕೆ ಮಿತಿ ಇಲ್ಲ ಅಲ್ವಾ? ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಏರಬಹುದಾದ ಗಡಿ) ಬಿದ್ದರಂತೂ ಮಾರುವವರೇ ಸಿಗುವುದಿಲ್ಲ. ಮಧ್ಯಾಹ್ನ 3.30ರೊಳಗೆ ವಾಪಸ್ ಕೊಳ್ಳಲಾಗದೆ ವ್ಯವಹಾರ ಹರಾಜಿಗೆ ಹೋಗುತ್ತದೆ; ಕೊಡಬೇಕಾದ ಶೇರನ್ನು ಶೇರು ವಿನಿಮಯ ಕೇಂದ್ರವೇ ಅಲ್ಲಿ ಕೊಳ್ಳುತ್ತದೆ, ಬೆಲೆ ಹೆಚ್ಚಾಗಿರಬಹುದು. ಆ ಹೆಚ್ಚಿನ ಬೆಲೆಯನ್ನು ಹುಡುಗನೇ ತೆರಬೇಕು.

2024ರಲ್ಲಿ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2022–23ರಲ್ಲಿ ಶೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಮಂದಿಗೆ ನಷ್ಟವಾಗಿದೆ. 30 ವರ್ಷದೊಳಗಿನವರಲ್ಲಿ ಇದು ಇನ್ನೂ ಜಾಸ್ತಿ, ಶೇ 76. ಓದುವ ಮಕ್ಕಳು ಫೀಸಿನ ದುಡ್ಡನ್ನು ಇದಕ್ಕೆ ಹಾಕುವುದು ಕಂಡರೆ ಸಂಕಟವಾಗುತ್ತದೆ.

ಫ್ಯೂಚರ್ಸ್, ಆಪ್ಷನ್ಸ್ (ಮುಂದಿನ ದಿನಾಂಕದ ಬೆಲೆಯ ಮೇಲಿನ ಒಪ್ಪಂದಗಳು) ಮಾಡುವವರಿಗೆ ಲಾಗಿನ್ ಆದ ಕೂಡಲೇ ನಷ್ಟದ ಎಚ್ಚರಿಕೆ ತೋರಿಸಬೇಕೆಂದು ಸೆಬಿ 2023ರಲ್ಲೇ ನಿಯಮ ಮಾಡಿದೆ. ಇಂಟ್ರಾಡೇ ಶಾರ್ಟ್ ಸೆಲ್ಲಿಂಗ್‌ಗೂ ಅಂಥದೇ ಎಚ್ಚರಿಕೆ ಬರಲಿ, ಕನ್ನಡದಲ್ಲೂ ಇರಲಿ. ನಮ್ಮ ಕಾಲೇಜುಗಳ ವಾಣಿಜ್ಯ ಅಧ್ಯಾಪಕರು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲಿ.

– ಓದುಗ, ಸರಸ್ವತಿಪುರಂ, ಮೈಸೂರು